ಅವ್ವ ಹೇಳಲಿ, ಮನೆಯವರೆಲ್ಲ ಕೇಳಲಿ

ಪ್ರಶ್ನೆ: ನಮ್ಮವ್ವನಿಗೆ 68 ವರ್ಷ. ಗರ್ಭಕೋಶದ ಕ್ಯಾನ್ಸರ್ ಲಿವರಿಗೂ ಹರಡಿದೆ. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಡಾಕ್ಟರು ಕಳಿಸಿದ್ದಾರೆ. ಅವ್ವ ಆಗಾಗ "ನಾನು ಹೋದ ಮೇಲೆ…" ಎಂದು ಮಾತು ತೆಗೆಯುತ್ತಾಳೆ. ಕಣ್ಣು ದಾನ ಮಾಡಬೇಕು, ತಿಥಿಗೆ ಸಾಲ ಮಾಡಬಾರದು ಅನ್ನುವುದು ಅವಳ ಆಸೆ. ನಾನು "ಬಿಡ್ತು ಅನ್ನು" ಎಂದು ಬಾಯಿ ಮುಚ್ಚಿಸುತ್ತೇನೆ. ಅಣ್ಣ ದುಬೈನಲ್ಲಿದ್ದಾನೆ. ಬದುಕಿರುವಾಗಲೇ ಇಂಥ ಮಾತು ಅಪಶಕುನ ಎಂದು ದೊಡ್ಡಪ್ಪ ಗದರುತ್ತಾರೆ. ಈಗಲೇ ಇದನ್ನೆಲ್ಲ ಯೋಚಿಸುವುದು ತಪ್ಪೇ?
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ತಪ್ಪಲ್ಲ, ತಂಗಿ. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಅಜ್ಜಿಯರು ತಮ್ಮ ಮಣ್ಣಿನ ಖರ್ಚಿಗೆಂದು ಸೆರಗಿನ ಗಂಟಿನಲ್ಲಿ ದುಡ್ಡು ಕೂಡಿಟ್ಟು, ಎಲ್ಲಿ ಮಣ್ಣು ಮಾಡಬೇಕೆಂದೂ ಹೇಳಿಯೇ ಹೋದವರು. ನಿಮ್ಮವ್ವ ಅದನ್ನೇ ಮಾಡಹೊರಟಿದ್ದಾರೆ. "ಬಿಡ್ತು ಅನ್ನು" ಎಂದದ್ದು ನಿಮ್ಮ ಪ್ರೀತಿಯೇ. ಆದರೆ ಆ ಮಾತಿನಿಂದ ಅವರು ಸಾವಿನ ಯೋಚನೆಯನ್ನು ಒಬ್ಬರೇ ಹೊರಬೇಕಾಗಿದೆ.

ಮುಂದಿನ ಸಲ ಅವರು ಮಾತು ತೆಗೆದಾಗ ಪಕ್ಕದಲ್ಲಿ ಕೂತು, "ಹೇಳವ್ವ, ಕೇಳ್ತೀನಿ" ಅನ್ನಿ. ಅಳು ಬಂದರೆ ಇಬ್ಬರೂ ಅಳಿ. ಒಂದೇ ದಿನ ಎಲ್ಲ ಕೇಳಬೇಡಿ. ಯಾವ ಸೀರೆ, ಎಲ್ಲಿ ಜಾಗ, ಯಾರಿಗೆ ಮೊದಲು ಹೇಳಬೇಕು ಎಂಬುದನ್ನೆಲ್ಲ ಅವರ ಮಾತಿನಲ್ಲೇ ಬರೆದಿಡಿ. ಆಮೇಲೆ ದೊಡ್ಡಪ್ಪನವರ ಮುಂದೆ, ಅಣ್ಣ ವಿಡಿಯೊ ಕಾಲ್‌ನಲ್ಲಿರುವಾಗ, ಅವ್ವನೇ ಇನ್ನೊಮ್ಮೆ ಹೇಳಲಿ. ಸಾವಿನ ಮನೆಯಲ್ಲಿ ಹತ್ತು ಜನ ಹತ್ತು ಹೇಳುತ್ತಾರೆ. ಎಲ್ಲರೂ ಅವ್ವನ ಬಾಯಿಂದಲೇ ಕೇಳಿದ್ದರೆ ಆ ಹೊತ್ತಿಗೆ ಜಗಳಕ್ಕೆ ಎಡೆ ಇರುವುದಿಲ್ಲ.

ಕಣ್ಣಿನ ವಿಚಾರ. ಸಾವಾದ 6 ಗಂಟೆಯೊಳಗೆ ಕಣ್ಣು ತೆಗೆಯಬೇಕು. ಹತ್ತಿರದ ನೇತ್ರ ಬ್ಯಾಂಕಿನ ಫೋನ್ ನಂಬರನ್ನು ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ ಈಗಲೇ ಬರೆದಿಟ್ಟುಕೊಳ್ಳಿ. ರಕ್ತದ ಕ್ಯಾನ್ಸರ್ ಮತ್ತು ಕಣ್ಣಿನ ಕೆಲವು ಗೆಡ್ಡೆಗಳಿದ್ದರೆ ದಾನ ಸಾಧ್ಯವಿಲ್ಲ. ಉಳಿದ ಕ್ಯಾನ್ಸರ್‌ಗಳು ಸಾಮಾನ್ಯವಾಗಿ ಅಡ್ಡಿಯಾಗುವುದಿಲ್ಲ, ಆದರೂ ಒಮ್ಮೆ ನೇತ್ರ ಬ್ಯಾಂಕಿನವರನ್ನೇ ಕೇಳಿ. ಅವರು ಬರುವ ತನಕ ಕಣ್ಣು ಮುಚ್ಚಿಸಿ ಒದ್ದೆ ಹತ್ತಿ ಇಡಿ, ತಲೆಯಡಿ ದಿಂಬು ಕೊಡಿ, ಫ್ಯಾನ್ ಆರಿಸಿ. ಕಣ್ಣು ತೆಗೆದ ಮೇಲೂ ಮುಖ ವಿಕಾರವಾಗುವುದಿಲ್ಲ. ಅವ್ವ ಬರೆದುಕೊಟ್ಟಿದ್ದರೂ ಆ ಹೊತ್ತಿನಲ್ಲಿ ಮನೆಯವರ ಒಪ್ಪಿಗೆ ಬೇಕೇ ಬೇಕು. ದೊಡ್ಡಪ್ಪ ಹಿಂಜರಿದರೆ 2006ರಲ್ಲಿ ರಾಜ್‌ಕುಮಾರ್, 2021ರಲ್ಲಿ ಪುನೀತ್ ತೀರಿಕೊಂಡಾಗ ಆ ಮನೆಯವರು ಕಣ್ಣು ದಾನ ಮಾಡಿದ್ದನ್ನು ನೆನಪಿಸಿ.

ಅಣ್ಣ ಬರುವವರೆಗೆ ದೇಹ ಇಡಬೇಕಾದರೆ ಬಾಡಿಗೆಗೆ ಫ್ರೀಜರ್ ಬಾಕ್ಸ್ ಎಲ್ಲಿ ಸಿಗುತ್ತದೆಂದು ತಿಳಿದಿಟ್ಟುಕೊಳ್ಳಿ. ಎಷ್ಟು ಹೊತ್ತು ಕಾಯಬೇಕು, ಅವನು ಬರಲಾಗದಿದ್ದರೆ ನೀವೇ ಮುಂದೆ ನಿಂತು ಕಾರ್ಯ ಮಾಡಬಹುದೇ ಎಂಬುದನ್ನೂ ಅವ್ವನೇ ಹೇಳಲಿ. ಹೆಣ್ಣುಮಕ್ಕಳು ಈ ಕಾರ್ಯ ಮಾಡುವುದು ಈಗ ಹೊಸದೇನಲ್ಲ. ಆದರೆ ಅಣ್ಣನಿಗೆ ನಾನು ಹೇಳುವುದು ಬೇರೆ: ರಜೆ ಸಿಕ್ಕರೆ ಈಗಲೇ ಬಂದು ಹೋಗಲಿ. ಮಣ್ಣಿಗೆ ಬರುವುದಕ್ಕಿಂತ ಮಾತಿಗೆ ಬರುವುದು ಮೇಲು.

ಮನೆಯಲ್ಲೇ ಸಾವಾದರೆ, ನೋಡುತ್ತಿದ್ದ ಡಾಕ್ಟರಿಂದ ಸಾವಿನ ಕಾರಣ ಬರೆದ ಪತ್ರ ಪಡೆಯಿರಿ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ 21 ದಿನದೊಳಗೆ ಮರಣ ನೋಂದಾಯಿಸಬೇಕು. ತಡವಾದರೆ ದಂಡ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ಬ್ಯಾಂಕು, ಪಿಂಚಣಿ, ವಿಮೆ, ಜಮೀನಿನ ಖಾತೆ ಎಲ್ಲಕ್ಕೂ ಮರಣ ಪ್ರಮಾಣಪತ್ರ ಕೇಳುತ್ತಾರೆ. ನಾಲ್ಕಾರು ಪ್ರತಿ ತೆಗೆದಿಡಿ.

ಇನ್ನು ತಿಥಿ. ಮೂರನೇ ದಿನದ ಹಾಲು-ತುಪ್ಪ, ಹನ್ನೊಂದನೇ ದಿನದ ಕಾರ್ಯ ಬಿಡಬೇಡಿ. ದುಃಖದಲ್ಲಿರುವವರಿಗೆ ಅವು ಆಸರೆ. ಆದರೆ ಊರಿಗೆಲ್ಲ ಊಟ ಹಾಕಲೇಬೇಕೆಂದೇನೂ ಇಲ್ಲ. ಕೈಯಲ್ಲಿರುವ ದುಡ್ಡಿನ ಮೇಲೆ ಮಿತಿ ಹಾಕಿಕೊಂಡು, ಅಷ್ಟರೊಳಗೆ ನಡೆಸುವ ಜವಾಬ್ದಾರಿಯನ್ನು ದೊಡ್ಡಪ್ಪನವರಿಗೇ ಒಪ್ಪಿಸಿ. ಹಿರಿಯರ ಮರ್ಯಾದೆಯೂ ಉಳಿಯುತ್ತದೆ, ಸಾಲವೂ ತಪ್ಪುತ್ತದೆ. ವರ್ಷದ ತಿಥಿಯ ದಿನ ಊರಿನ ಶಾಲೆಯ ಮಕ್ಕಳಿಗೆ ಅವ್ವನ ಹೆಸರಲ್ಲಿ ಒಂದು ಸಿಹಿಯೂಟ ಹಾಕಿಸಿದರೆ ಸಾಕು.

ಅವ್ವನಿಗೆ ಮಾತಾಡುವ ಶಕ್ತಿ ಇರುವಾಗಲೇ ಕೇಳಿಸಿಕೊಳ್ಳಿ. ನಾಳೆಗೆ ಹಾಕಬೇಡಿ.