ಹಲ್ಲಿನ ಲೆಕ್ಕ: ಟೂರಿಂಗ್ ಸೈಕಲ್ ಕಟ್ಟುತ್ತಾ ಕಲಿತದ್ದು

ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ನಾವು ಸೈಕಲ್ ತುಳಿದದ್ದು ಬರೀ ಮೂರು. ಉಳಿದ ಹನ್ನೊಂದನ್ನು ತಳ್ಳಿಕೊಂಡೇ ಹತ್ತಿದೆವು. ಹೆಬ್ರಿ ದಾಟಿ ಸೋಮೇಶ್ವರದಲ್ಲಿ ಟೀ ಕುಡಿದು ಹೊರಟಾಗ ನಾಲ್ಕೂ ಜನಕ್ಕೆ ಭಾರೀ ಉತ್ಸಾಹ. ಮೂರನೇ ತಿರುವಿನಲ್ಲಿ ನಮ್ಮ ಗೆಳತಿ ಸೈಕಲ್ ನಿಲ್ಲಿಸಿ, ಮಂಡಿ ಹಿಡಿದುಕೊಂಡು ರಸ್ತೆ ಬದಿಯ ಕಟ್ಟೆ ಮೇಲೆ ಕೂತಳು. "ನನ್ನ ಕಾಲಲ್ಲೇ ಶಕ್ತಿ ಇಲ್ಲ ಕಣ್ರೋ" ಅಂದಳು. ನಾವು ಮೂವರು ಹುಡುಗರು, ಎಂಜಿನಿಯರಿಂಗ್ ಮೂರನೇ ವರ್ಷದವರು, ಏನಂದೆವು ಗೊತ್ತಾ? "ದಿನಾ ಪ್ರಾಕ್ಟೀಸ್ ಮಾಡು, ಸರಿಹೋಗತ್ತೆ." ಅವಳು ಏನೂ ಹೇಳಲಿಲ್ಲ. ವಾಪಸ್ ಬಂದ ಮೇಲೆ ಮಾತ್ರ, ಇನ್ನು ಮುಂದಿನ ಟ್ರಿಪ್ಪಿಗೆ ನನ್ನನ್ನು ಕರೀಬೇಡಿ ಅಂತ ಮೆಸೇಜ್ ಹಾಕಿದಳು.

ಒಂದು ವಾರದ ನಂತರ ಹಾಸ್ಟೆಲ್ಲಿನಲ್ಲಿ ಸುಮ್ಮನೆ ಕೂತಿದ್ದಾಗ ನಮ್ಮಲ್ಲೊಬ್ಬ ಅವಳ ಸೈಕಲ್ಲಿನ ಹಲ್ಲು ಎಣಿಸಿದ. ಮುಂದೆ ಒಂದೇ ಚಕ್ರ, 42 ಹಲ್ಲು. ಹಿಂದೆ ಫ್ರೀವೀಲಿನ ಅತಿ ದೊಡ್ಡ ಚಕ್ರಕ್ಕೆ 28. ನಮ್ಮ ಮೂರು ಸೈಕಲ್ಲಿಗೂ ಮುಂದೆ ಮೂರು ಮೂರು ಚಕ್ರ ಇದ್ದವು. ಆಗ ಕಾಗದ ತೆಗೆದುಕೊಂಡೆವು. ಫಸ್ಟ್ ಸೆಮ್ ಮೆಕ್ಯಾನಿಕ್ಸ್ ಸಾಕು, ನೀವೂ ಜೊತೆಗೆ ಮಾಡಿ ನೋಡಿ.

ಸವಾರಳು, ಸೈಕಲ್ಲು, ಲಗೇಜು ಸೇರಿ 93 ಕೆ.ಜಿ. ಅಂತಿಟ್ಟುಕೊಳ್ಳಿ. ಏರು 8 ಪರ್ಸೆಂಟು, ಅಂದರೆ ನೂರು ಮೀಟರ್ ಹೋದರೆ ಎಂಟು ಮೀಟರ್ ಮೇಲಕ್ಕೆ. ಗುರುತ್ವ ಹಿಂದಕ್ಕೆ ಎಳೆಯೋ ಬಲ 93 × 9.81 × 0.08, ಸುಮಾರು 73 ನ್ಯೂಟನ್. ಟಯರು ರಸ್ತೆಗೆ ಉಜ್ಜುವ ನಷ್ಟ ಇನ್ನೊಂದು 7. ಒಟ್ಟು 80. ಇಷ್ಟು ನಿಧಾನದಲ್ಲಿ ಗಾಳಿಯ ತಡೆ ಲೆಕ್ಕಕ್ಕಿಲ್ಲ. ಅಭ್ಯಾಸವಿಲ್ಲದ ಆರೋಗ್ಯವಂತರು ತುಂಬಾ ಹೊತ್ತು ಕೊಡಬಲ್ಲ ಪವರು 120 ವ್ಯಾಟ್ ಅಂತ ಹಿಡಿದರೆ ವೇಗ 120 ಭಾಗ 80, ಸೆಕೆಂಡಿಗೆ ಒಂದೂವರೆ ಮೀಟರ್. ಗಂಟೆಗೆ 5.4 ಕಿ.ಮೀ. ನಡೆಯೋ ವೇಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಇದನ್ನು ಯಾವ ಗೇರೂ ಬದಲಿಸಲ್ಲ. ಗೇರು ಪವರ್ ಕೊಡಲ್ಲ, ಪವರನ್ನು ಹೇಗೆ ಕೊಡಬೇಕು ಅನ್ನೋದನ್ನು ಮಾತ್ರ ತೀರ್ಮಾನ ಮಾಡತ್ತೆ.

ನಿಜವಾದ ವಿಷಯ ಇರೋದು ಇಲ್ಲೇ. 26 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 2.02 ಮೀಟರ್ ಹೋಗತ್ತೆ. 42ಕ್ಕೆ 28 ಅಂದರೆ ಪೆಡಲಿನ ಒಂದು ಸುತ್ತಿಗೆ ಚಕ್ರ ಒಂದೂವರೆ ಸುತ್ತು, 3.03 ಮೀಟರ್. ನಿಮಿಷಕ್ಕೆ 90 ಮೀಟರ್ ಹೋಗಬೇಕಾದರೆ ಪೆಡಲು ನಿಮಿಷಕ್ಕೆ 30 ಸಲ ಸುತ್ತತ್ತೆ. 120 ವ್ಯಾಟನ್ನು 30 ಸುತ್ತಿನಲ್ಲಿ ಕೊಡಬೇಕು ಅಂದರೆ ಟಾರ್ಕು ಸುಮಾರು 38 ನ್ಯೂಟನ್ ಮೀಟರ್. ಕ್ರ್ಯಾಂಕಿನ ಉದ್ದ 170 ಮಿ.ಮೀ., ಹಾಗಾಗಿ ಪೆಡಲಿನ ಮೇಲೆ ಸರಾಸರಿ ಬಲ 227 ನ್ಯೂಟನ್. ಸರಾಸರಿ ಅಂದೆವು, ನೆನಪಿರಲಿ. ಕಾಲು ಸುತ್ತಿನುದ್ದಕ್ಕೂ ಒಂದೇ ಸಮ ಒತ್ತಲ್ಲ, ಕೆಳಗಿಳಿಯುವಾಗ ಮಾತ್ರ ಒತ್ತೋದು. ಆ ಗಳಿಗೆಯಲ್ಲಿ ಇದು ಹೆಚ್ಚುಕಮ್ಮಿ ಎರಡರಷ್ಟಾಗತ್ತೆ.

ಈಗ ಮುಂದೆ 22, ಹಿಂದೆ 34 ಹಾಕಿ. ಒಂದು ಸುತ್ತಿಗೆ 1.31 ಮೀಟರ್, ನಿಮಿಷಕ್ಕೆ 69 ಸುತ್ತು, ಸರಾಸರಿ ಬಲ 98 ನ್ಯೂಟನ್. ಅದೇ ಹುಡುಗಿ, ಅದೇ ಘಾಟಿ, ಅದೇ ವೇಗ. ಮಂಡಿ ಮೇಲಿನ ಭಾರ ಅರ್ಧಕ್ಕಿಂತ ಕಮ್ಮಿ.

ಕಾಗದ ನೋಡಿ ನಮಗೆ ನಾಚಿಕೆಯಾಯಿತು. ಅವಳಿಗೆ ಫೋಟೋ ಕಳಿಸಿ, ಕೆಳಗೆ "ಸಾರಿ" ಅಂತ ಬರೆದೆವು. ಎರಡು ದಿನ ಬಿಟ್ಟು ಉತ್ತರ ಬಂತು: "ಹಾಗಾದ್ರೆ ಕಟ್ಟಿ ಕೊಡಿ."

ಹೀಗೆ ಶುರುವಾಯಿತು. ಸೈಕಲ್ ಕಟ್ಟೋದು ಅಂದರೆ ಎಲ್ಲರೂ ಮೊದಲು ಬಣ್ಣ, ಸ್ಟಿಕ್ಕರು, ಹ್ಯಾಂಡಲ್ ಟೇಪು ಅಂತ ಯೋಚಿಸ್ತಾರೆ. ನಾವೂ ಹಾಗೇ ಇದ್ದವರು. ಅವಳ ಹಠದಿಂದ ನಮ್ಮ ಪಟ್ಟಿ ತಲೆಕೆಳಗಾಯಿತು: ಮೊದಲು ಅವಳ ಅಳತೆ, ಆಮೇಲೆ ರಸ್ತೆ ಮತ್ತು ಹೊರೆ, ಆಮೇಲೆ ಫ್ರೇಮು, ಬಣ್ಣ ಕೊನೆಗೆ.

ಫ್ರೇಮು ಗುಜರಿ ಅಂಗಡಿಯಲ್ಲಿ ಸಿಕ್ಕಿತು. ಹಳೇ ಕಾಲದ, ಸಸ್ಪೆನ್ಷನ್ ಇಲ್ಲದ ಸ್ಟೀಲ್ ಎಂಟಿಬಿ. ಟೂರಿಂಗಿಗೆ ಇಂಥದ್ದೇ ಸರಿ. ಚೈನ್‌ಸ್ಟೇ, ಅಂದರೆ ಪೆಡಲಿನ ಗುಂಡಿಯಿಂದ ಹಿಂಚಕ್ರಕ್ಕೆ ಹೋಗೋ ಪೈಪು, ಉದ್ದವಾಗಿರತ್ತೆ. ದಪ್ಪ ಟಯರಿಗೆ ಜಾಗ ಇರತ್ತೆ. ಸ್ಟೀಲು ಯಾಕೆ ಅಂತ ಕೇಳಿದರೆ, ಮೆಟೀರಿಯಲ್ ಸೈನ್ಸ್ ಕ್ಲಾಸಲ್ಲಿ ನಿದ್ದೆ ಮಾಡದವರಿಗೆ ನೆನಪಿರತ್ತೆ: ಅಲ್ಯೂಮಿನಿಯಮ್ಮಿಗೆ ಉಕ್ಕಿನ ಹಾಗೆ ಎಂಡ್ಯೂರೆನ್ಸ್ ಲಿಮಿಟ್ ಇಲ್ಲ. ಸಣ್ಣ ಸಣ್ಣ ಹೊಡೆತಗಳೂ ಲೆಕ್ಕಕ್ಕೆ ಸೇರುತ್ತಾ ಹೋಗತ್ತೆ. ಇನ್ನೊಂದು, ಉಕ್ಕಿನ ಪೈಪು ಬಿರುಕು ಬಿಟ್ಟರೆ ಯಾವ ಊರಲ್ಲಾದರೂ ವೆಲ್ಡಿಂಗ್ ಶಾಪಿನಲ್ಲಿ ಮನೆ ತಲುಪುವಷ್ಟು ರಿಪೇರಿ ಆಗತ್ತೆ. ನಮ್ಮ ಫ್ರೇಮಿನ ಹಿಂದಿನ ಕಾಲುಗಳ ನಡುವೆ 130 ಮಿ.ಮೀ. ಜಾಗ ಇತ್ತು, ಹೊಸ ಹಬ್ಬಿಗೆ 135 ಬೇಕು. ಎರಡೂ ಕಡೆ ಎರಡೂವರೆ ಮಿ.ಮೀ. ಅಗಲಿಸಿದೆವು. ಉಕ್ಕು ತಡೆಯಿತು. ಅಲ್ಯೂಮಿನಿಯಂ ಫ್ರೇಮಿಗೆ ಇದನ್ನು ದಯವಿಟ್ಟು ಮಾಡಬೇಡಿ.

ಮೊದಲ ಪೆಟ್ಟು ತಿಂದದ್ದು ಬಾಟಮ್ ಬ್ರಾಕೆಟ್ಟಿನಲ್ಲಿ. ಪೆಡಲ್ ಗುಂಡಿಯ ಬಲಗಡೆ ಕಪ್ಪು ಬಿಚ್ಚಲು ಕೂತವರು, ಪಾನಾಕ್ಕೆ ಪೈಪು ಸಿಕ್ಕಿಸಿ ಇಬ್ಬರೂ ತೂಗುಬಿದ್ದೆವು. ಒಂದು ಗಂಟೆ ಆಯಿತು, ಅಲ್ಲಾಡಲಿಲ್ಲ. ಕೊನೆಗೆ ಕ್ಯಾಂಪಸ್ ಗೇಟಿನ ಹತ್ತಿರದ ಸೈಕಲ್ ರಿಪೇರಿ ಅಣ್ಣನ ಹತ್ತಿರ ಹೊತ್ತುಕೊಂಡು ಹೋದೆವು. ಅವರು ನೋಡಿ ನಕ್ಕರು. "ಇಷ್ಟು ಹೊತ್ತು ಬಿಗಿ ಮಾಡ್ತಾ ಇದ್ರಾ?" ಬಲಗಡೆ ಕಪ್ಪಿಗೆ ಎಡ ಮರೆ. ಬಲಕ್ಕೆ ತಿರುಗಿಸಿದರೇ ಬಿಚ್ಚೋದು. ಎಡ ಪೆಡಲಿಗೂ ಎಡ ಮರೆಯೇ. ಬೇರಿಂಗ್ ಉಜ್ಜುವ ದಿಕ್ಕು ನೋಡಿದರೆ ಇದು ಉಲ್ಟಾ ಅನ್ನಿಸತ್ತೆ. ಆದರೆ ಭಾರ ಬಿದ್ದ ಆಕ್ಸಲ್ಲು ತೂತಿನೊಳಗೆ ಕೂದಲಷ್ಟು ಸಡಿಲ ಇದ್ದರೂ ಅದರ ಗೋಡೆ ಮೇಲೆ ಉರುಳತ್ತೆ. ಹಾಗೆ ಉರುಳುವಾಗ ತಾನು ಸುತ್ತುವ ದಿಕ್ಕಿಗೆ ವಿರುದ್ಧವಾಗಿ ನಿಧಾನಕ್ಕೆ ತಿರುಗತ್ತೆ. ಇದಕ್ಕೆ ಪ್ರಿಸೆಷನ್ ಅಂತಾರೆ. ನಂಬಿಕೆ ಬರದಿದ್ದರೆ ಮುಷ್ಟಿಯೊಳಗೆ ಪೆನ್ನನ್ನು ಸಡಿಲವಾಗಿ ಹಿಡಿದು, ತುದಿಯನ್ನು ವೃತ್ತಾಕಾರ ಸುತ್ತಿಸಿ, ಪೆನ್ನು ಯಾವ ಕಡೆ ತಿರುಗತ್ತೆ ನೋಡಿ. ಅಣ್ಣ ಈ ಪದ ಕೇಳಿರಲಿಲ್ಲ, ನಾವು ಎಡ ಮರೆ ಕೇಳಿರಲಿಲ್ಲ.

ಕ್ರ್ಯಾಂಕು 44-32-22, ಹಿಂದೆ 11ರಿಂದ 34ರ ಎಂಟು ಚಕ್ರದ ಕ್ಯಾಸೆಟ್ಟು. ಇಳಿಜಾರಿಗೆ ಮೇಲಿನ ಗೇರು ಸಾಲಲ್ಲ ಅಂತ ಒಬ್ಬ ತಕರಾರು ತೆಗೆದ. 44ಕ್ಕೆ 11 ಅಂದರೆ ಸುತ್ತಿಗೆ 8 ಮೀಟರ್, ನಿಮಿಷಕ್ಕೆ 80 ಸುತ್ತಿಗೆ ಗಂಟೆಗೆ 39 ಕಿ.ಮೀ. ಹೊರೆ ಹೊತ್ತ ಸೈಕಲ್ಲಿಗೆ ಅದಕ್ಕಿಂತ ಜಾಸ್ತಿ ಯಾಕೆ ಬೇಕು? ತಕರಾರು ಮುಗಿಯಿತು. ಹಳೇ ಫ್ರೀವೀಲ್ ಹಬ್ ಬಿಟ್ಟದ್ದಕ್ಕೆ ಇನ್ನೊಂದು ಕಾರಣ ಇತ್ತು: ಅದರಲ್ಲಿ ಬಲಗಡೆ ಬೇರಿಂಗು ಫ್ರೀವೀಲಿನ ಒಳಮಗ್ಗುಲಿಗೆ ಇರತ್ತೆ, ಆಕ್ಸಲ್ಲಿನ ತುದಿ ಆಧಾರವಿಲ್ಲದೆ ಉದ್ದಕ್ಕೆ ಚಾಚಿಕೊಂಡಿರತ್ತೆ. ಹೊರೆ ಬಿದ್ದರೆ ಬಾಗತ್ತೆ. ಕ್ಯಾಸೆಟ್ ಹಬ್ಬಿನಲ್ಲಿ ಬೇರಿಂಗು ಹೊರತುದಿಗೆ ಬರತ್ತೆ. ಬೆಂಡಿಂಗ್ ಮೊಮೆಂಟಿನ ಚಿತ್ರ ಬರೆದರೆ ಒಂದು ನಿಮಿಷದಲ್ಲಿ ಅರ್ಥ ಆಗತ್ತೆ.

ಚಕ್ರಕ್ಕೆ ನಾವು ಎರಡು ಭಾನುವಾರ ಕೊಟ್ಟೆವು. 36 ಕಡ್ಡಿ, ಪ್ರತಿ ಕಡ್ಡಿಯೂ ಮೂರು ಕಡ್ಡಿ ದಾಟಿ ಹೋಗೋ ಹೆಣಿಗೆ. ಕಡ್ಡಿ ಮುರಿಯೋದು ಬಿಗಿ ಜಾಸ್ತಿ ಆಗಿ ಅಂತ ನಾವು ನಂಬಿದ್ದೆವು. ಅದು ಅಲ್ಲ. ಜೋಬ್ಸ್ಟ್ ಬ್ರಾಂಟ್ ಅನ್ನೋ ಎಂಜಿನಿಯರು 1981ರಲ್ಲಿ 'ದಿ ಬೈಸಿಕಲ್ ವ್ಹೀಲ್' ಅಂತ ಪುಸ್ತಕ ಬರೆದರು. ಅದರ ಮುಖ್ಯ ವಾದ ಹೀಗೆ: ಭಾರ ಬಿದ್ದಾಗ ಮೇಲಿನ ಕಡ್ಡಿಗಳ ಎಳೆತ ಹೆಚ್ಚೇನೂ ಏರಲ್ಲ, ಕೆಳಗೆ ನೆಲದ ಹತ್ತಿರದ ಕೆಲವು ಕಡ್ಡಿಗಳ ಎಳೆತ ಇಳಿಯತ್ತೆ. ಆ ಅರ್ಥದಲ್ಲಿ ಚಕ್ರ ಕೆಳಗಿನ ಕಡ್ಡಿಗಳ ಮೇಲೆ ನಿಂತಿದೆ. ಮೊದಲೇ ಸಡಿಲ ಇರೋ ಕಡ್ಡಿ ಪ್ರತಿ ಸುತ್ತಿಗೂ ಪೂರ್ತಿ ಜೋತುಬಿದ್ದು, ಮತ್ತೆ ಎಳೆದುಕೊಂಡು, ಬಾಗಿದ ಮೊಣಕೈ ಜಾಗದಲ್ಲಿ ಫಟೀಗ್ ಆಗಿ ಮುರಿಯತ್ತೆ. ನಿಪ್ಪಲ್ಲು ಬಿಚ್ಚಿಕೊಳ್ಳೋದೂ ಹೀಗೇ. ಅಂದರೆ ಸಮನಾಗಿ, ಗಟ್ಟಿಯಾಗಿ ಬಿಗಿದ ಚಕ್ರವೇ ಬಾಳಿಕೆ ಬರತ್ತೆ.

ಟೆನ್ಷನ್ ಮೀಟರ್ ನಮ್ಮ ಹತ್ತಿರ ಇರಲಿಲ್ಲ. ಕಿವಿ ಇತ್ತು. ಒಂದೇ ಮಗ್ಗುಲಿನ ಕಡ್ಡಿಗಳನ್ನು ತಂಬೂರಿ ಮೀಟಿದ ಹಾಗೆ ಮೀಟಿದರೆ ಸ್ವರ ಹೆಚ್ಚುಕಮ್ಮಿ ಒಂದೇ ಬರಬೇಕು. ತಂತಿಯ ಕಂಪನದ ಸಂಖ್ಯೆ ಎಳೆತದ ವರ್ಗಮೂಲಕ್ಕೆ ಅನುಪಾತ, ಪಿಯುಸಿ ಫಿಸಿಕ್ಸ್. ಹಾಗಾಗಿ ಸ್ವರದಲ್ಲಿ ಹತ್ತು ಪರ್ಸೆಂಟು ವ್ಯತ್ಯಾಸ ಅಂದರೆ ಎಳೆತದಲ್ಲಿ ಇಪ್ಪತ್ತು. ಹಿಂಚಕ್ರದಲ್ಲಿ ಬಲಗಡೆ ಸ್ವರ ಎಡಕ್ಕಿಂತ ಮೇಲಿರತ್ತೆ, ಹೆದರಬೇಡಿ. ಕ್ಯಾಸೆಟ್ಟಿಗೆ ಜಾಗ ಕೊಡಲು ಬಲಗಡೆ ಕಡ್ಡಿಗಳು ನೆಟ್ಟಗೆ ನಿಂತಿರತ್ತೆ, ಅದಕ್ಕೆ ಬಿಗಿ ಜಾಸ್ತಿ ಬೇಕು. ಸಂಗೀತ ಕಲಿತಿದ್ದ ನಮ್ಮ ಗೆಳತಿಯೇ ಈ ಕೆಲಸ ಪೂರ್ತಿ ಮಾಡಿದಳು. ನಾವು ಸರಿ ಅಂದ ಎಷ್ಟೋ ಕಡ್ಡಿಗಳನ್ನು ಅವಳು "ಶ್ರುತಿ ಇಲ್ಲ" ಅಂತ ವಾಪಸ್ ಮಾಡಿದಳು.

ಅಳತೆಯ ವಿಷಯಕ್ಕೆ ಬರೋಣ. ಗೋಡೆಗೆ ಒರಗಿ ನಿಂತು, ಕಾಲುಗಳ ನಡುವೆ ದಪ್ಪ ಪುಸ್ತಕ ಮೇಲಕ್ಕೆ ಒತ್ತಿ ಹಿಡಿದು, ಪುಸ್ತಕದಿಂದ ನೆಲಕ್ಕೆ ಅಳೆದರೆ ಒಳಕಾಲಿನ ಉದ್ದ ಸಿಗತ್ತೆ. ಅದನ್ನು 0.883ರಿಂದ ಗುಣಿಸಿದರೆ ಪೆಡಲ್ ಗುಂಡಿಯ ಮಧ್ಯದಿಂದ ಸೀಟಿನ ಮೇಲ್ಭಾಗಕ್ಕೆ ಎಷ್ಟು ದೂರ ಅಂತ ಬರತ್ತೆ. ಸೈಕಲ್ ರೇಸುಗಾರ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಪ್ರಸಿದ್ಧವಾದ ಲೆಕ್ಕ ಇದು. ಅವಳದು 78 ಸೆಂ.ಮೀ., ಹಾಗಾಗಿ 69. ಹಳೇ ಸೈಕಲ್ಲಿನಲ್ಲಿ ಎಷ್ಟಿತ್ತು? 62. ಅಂಗಡಿಯಲ್ಲಿ "ಕಾಲು ನೆಲಕ್ಕೆ ತಾಗ್ಬೇಕಮ್ಮ" ಅಂತ ಇಳಿಸಿ ಕೊಟ್ಟಿದ್ದರಂತೆ. ಸೀಟು ಅಷ್ಟು ತಗ್ಗಾದರೆ ಮಂಡಿ ವಿಪರೀತ ಮಡಚಿಕೊಂಡೇ ಒತ್ತಬೇಕು. 42 ಹಲ್ಲಿನ ಜೊತೆ ಇದೂ ಸೇರಿತ್ತು ಅನ್ನಿ. ಸೂತ್ರ ಶುರುವಿಗೆ ಮಾತ್ರ. ಆಮೇಲೆ ಅವಳು ಒಂದು ವಾರ ಓಡಿಸಿ ಅರ್ಧ ಸೆಂ.ಮೀ. ಇಳಿಸಿಕೊಂಡಳು. ಹ್ಯಾಂಡಲ್ ದೂರ ಅನ್ನಿಸಿದ್ದಕ್ಕೆ ಚಿಕ್ಕ ಸ್ಟೆಮ್ ಹಾಕಿದೆವು.

ಲಗೇಜಿನಲ್ಲಿ ಮತ್ತೆ ಎಡವಿದೆವು. ಹಿಂದಿನ ಕ್ಯಾರಿಯರ್ರಿಗೆ ಎರಡು ಚೀಲ ತೂಗುಹಾಕಿ ಹೊರಟರೆ, ಪ್ರತಿ ಸುತ್ತಿಗೂ ಹಿಮ್ಮಡಿ ಚೀಲಕ್ಕೆ ಟಪ್ ಅಂತ ಬಡಿಯತ್ತೆ. ಚೀಲ ಹಿಂದಕ್ಕೆ ಸರಿಸಿದೆವು. ಈಗ ಭಾರ ಆಕ್ಸಲ್ಲಿನ ಹಿಂದೆ ಬಿತ್ತು, ಇಳಿಜಾರಿನಲ್ಲಿ ಹ್ಯಾಂಡಲ್ ನಡುಗತೊಡಗಿತು. ಕೊನೆಗೆ ಟೆಂಟು, ಟೂಲುಗಳಂಥ ಭಾರದ ಸಾಮಾನನ್ನು ಮುಂಚಕ್ರದ ಎರಡು ಪಕ್ಕ, ತಗ್ಗಿನಲ್ಲಿ ಹಾಕಿ, ಹಿಂದೆ ಚಿಕ್ಕ ಚೀಲ ಇಟ್ಟ ಮೇಲೆ ನಡುಕ ನಿಂತಿತು. ಹ್ಯಾಂಡಲ್ ತಿರುಗಿಸಲು ಸ್ವಲ್ಪ ಜಡ ಅನ್ನಿಸತ್ತೆ, ಎರಡು ದಿನದಲ್ಲಿ ರೂಢಿಯಾಗತ್ತೆ.

ಬ್ರೇಕಿನ ಬಗ್ಗೆ ಒಂದೇ ಲೆಕ್ಕ ಕೊಟ್ಟು ಬಿಡ್ತೇವೆ, ಯಾಕಂದರೆ ಇದು ಜೀವದ ವಿಷಯ. ಅದೇ 93 ಕೆ.ಜಿ., ಅದೇ 8 ಪರ್ಸೆಂಟು ಇಳಿಜಾರು, ಗಂಟೆಗೆ 25 ಕಿ.ಮೀ. ದಾಟದ ಹಾಗೆ ಹಿಡಿದುಕೊಂಡು ಇಳಿಯುತ್ತಿದ್ದೀರಿ. ಗಾಳಿ ಮತ್ತು ಟಯರು ತಿನ್ನೋದನ್ನು ಕಳೆದರೂ ಬ್ರೇಕಿಗೆ ಸುಮಾರು 350 ವ್ಯಾಟ್ ಬೀಳತ್ತೆ. ಲ್ಯಾಬಿನ 25 ವ್ಯಾಟಿನ ಸೋಲ್ಡರಿಂಗ್ ಐರನ್ ಹದಿನಾಲ್ಕನ್ನು ರಿಮ್ಮಿಗೆ ಒತ್ತಿ ಹಿಡಿದಷ್ಟು ಬಿಸಿ. (ಹದಿನಾಲ್ಕು ತಿರುವಿಗೆ ಹದಿನಾಲ್ಕು ಐರನ್, ಲೆಕ್ಕ ತಾನಾಗೇ ಹಾಗೆ ಬಂತು.) ರಿಮ್ ಬಿಸಿಯಾದರೆ ಟ್ಯೂಬಿಗೂ ತಾಗತ್ತೆ. ಒಂದೇ ಬ್ರೇಕನ್ನು ಉದ್ದಕ್ಕೂ ಎಳೆದು ಹಿಡಿಯಬೇಡಿ. ಎರಡನ್ನೂ ಬಳಸಿ, ನಡುವೆ ನಿಂತು ರಿಮ್ ಆರಲು ಬಿಡಿ. ಹೊರಡೋ ಮುಂಚೆ ಬ್ರೇಕ್ ರಬ್ಬರ್ ಸವೆದಿದ್ದರೆ ಬದಲಿಸಿ, ಇದರಲ್ಲಿ ಮಾತ್ರ ಜಿಪುಣತನ ಬೇಡ.

ಬಣ್ಣ ಅವಳೇ ಹೊಡೆದದ್ದು, ಕಡು ಹಸಿರು. ಮೇಲಿನ ಪೈಪಿನ ಮೇಲೆ ಬಿಳಿ ಅಕ್ಷರದಲ್ಲಿ "ಆಮೆ" ಅಂತ ಕನ್ನಡದಲ್ಲಿ ಬರೆದಳು.

ಪರೀಕ್ಷೆ ಮುಗಿದ ಮೇಲೆ ಮತ್ತೆ ಸೋಮೇಶ್ವರಕ್ಕೆ ಹೋದೆವು, ಅದೇ ಅಂಗಡಿಯಲ್ಲಿ ಟೀ. ಆಮೆ 22ಕ್ಕೆ 34ರಲ್ಲಿ ಹತ್ತತೊಡಗಿತು. ಮೂರನೇ ತಿರುವಿನ ಕಟ್ಟೆ ಬಂತು, ಅವಳು ಅದರ ಕಡೆ ನೋಡಲೂ ಇಲ್ಲ. ಎರಡು ಸಲ ನೀರಿಗೆ ನಿಲ್ಲಿಸಿದಳು, ಒಂದು ಸಲ ಮಂಗಗಳಿಗೆ. ಒಂಬತ್ತನೇ ತಿರುವಿನಲ್ಲಿ ನಮ್ಮಲ್ಲಿಬ್ಬರು ಇಳಿದು ತಳ್ಳಲು ಶುರುಮಾಡಿದೆವು. ಸೂರ್ಯಾಸ್ತ ನೋಡೋ ಕಟ್ಟೆ ತಲುಪಿದಾಗ ಅವಳು ಆಗಲೇ ಶೂ ಬಿಚ್ಚಿ ಕೂತು ಚಕ್ಕುಲಿ ತಿನ್ನುತ್ತಿದ್ದಳು. ನಾವು ಏದುಸಿರು ಬಿಡೋದು ನೋಡಿ ಪೊಟ್ಟಣ ಮುಂದೆ ಹಿಡಿದು ಕೇಳಿದಳು:

"ನಿಮ್ ಸೈಕಲ್ಲಲ್ಲಿ ಹಿಂದೆ ಎಷ್ಟು ಹಲ್ಲು?"