ಒಂದು ಕಪ್ ಮೈದಾ ಎಷ್ಟು ಗ್ರಾಂ?

ಒಂದೇ ಪಾಕವಿಧಾನವನ್ನು ಅನುಸರಿಸಿದರೂ ಕೇಕ್ ಒಮ್ಮೆ ಮೃದುವಾಗಿ, ಇನ್ನೊಮ್ಮೆ ಒಣಗಿ ಬಿರುಕುಬಿಟ್ಟು ಬರುತ್ತದೆ ಎಂಬ ಓದುಗರ ತೊಂದರೆಗೆ ಕಾರಣವನ್ನು ಮೊದಲು ಅಳತೆಯ ಕಪ್ಪಿನಲ್ಲಿ ಹುಡುಕಬೇಕು. ಕಪ್ಪು ಅಳೆಯುವುದು ಗಾತ್ರವನ್ನು, ಅಂದರೆ ಪದಾರ್ಥವು ಆಕ್ರಮಿಸುವ ಜಾಗವನ್ನು. ಹಿಟ್ಟಿನ ಕಣಗಳ ನಡುವೆ ಗಾಳಿ ಇರುವುದರಿಂದ ಅದು ಜರಡಿ ಹಿಡಿದಾಗ ಅರಳಿಕೊಳ್ಳುತ್ತದೆ, ಡಬ್ಬಿಯಲ್ಲಿ ಬಹುದಿನ ಕುಳಿತಾಗ ಒತ್ತಾಗುತ್ತದೆ. ಚಮಚದಿಂದ ಮೆಲ್ಲನೆ ತುಂಬಿ ಅಂಚಿಗೆ ಸಮನಾಗಿ ಸವರಿದ ಅಮೆರಿಕದ ಒಂದು ಕಪ್ ಮೈದಾ ಸುಮಾರು 120ರಿಂದ 125 ಗ್ರಾಂ ತೂಗಿದರೆ, ಕಪ್ಪನ್ನೇ ಡಬ್ಬಿಗೆ ಅದ್ದಿ ಮೊಗೆದದ್ದು 140 ಗ್ರಾಂ ದಾಟುವುದುಂಟು; ಹೀಗಾಗಿ ಮೂರು ಕಪ್ ಹಾಕುವಷ್ಟರಲ್ಲಿ ಸುಮಾರು ಅರ್ಧ ಕಪ್ ಹಿಟ್ಟು ಹೆಚ್ಚಾಗಿ, ಹಾಲು–ಮೊಟ್ಟೆಗಳ ತೇವವನ್ನೆಲ್ಲ ಹೀರಿಕೊಳ್ಳುತ್ತದೆ.

ಕಪ್ಪು ಸಹ ಎಲ್ಲ ದೇಶಗಳಲ್ಲಿ ಒಂದೇ ಅಳತೆಯದ್ದಲ್ಲ: ಅಮೆರಿಕದ್ದು ಸುಮಾರು 237 ಮಿ.ಲೀ., ಆಸ್ಟ್ರೇಲಿಯಾದ್ದು 250 ಮಿ.ಲೀ. ಆದ್ದರಿಂದ ಪಾಕವಿಧಾನ ಎಲ್ಲಿಯದೆಂದು ತಿಳಿದು, ಲೇಖಕರೇ ಗ್ರಾಂ ಲೆಕ್ಕ ಕೊಟ್ಟಿದ್ದರೆ ಅದನ್ನೇ ನಂಬಿ, ಕೊಡದಿದ್ದರೆ ಅಮೆರಿಕದ ಕಪ್ಪಿಗೆ 120 ಗ್ರಾಂ, 250 ಮಿ.ಲೀ. ಕಪ್ಪಿಗೆ ಸುಮಾರು 130 ಗ್ರಾಂ ಮೈದಾ ಎಂದು ಹಿಡಿಯುವುದು ಸುರಕ್ಷಿತ. ಇದೇ ಅಂಕಿಯನ್ನು ಸಕ್ಕರೆಗೆ ಅನ್ವಯಿಸಬಾರದು; ಹರಳು ಸಕ್ಕರೆ ಅಮೆರಿಕದ ಕಪ್ಪಿಗೆ ಸುಮಾರು 200 ಗ್ರಾಂ ತೂಗುತ್ತದೆ. ಮೈದಾ ಬದಲು ಗೋಧಿ ಹಿಟ್ಟು ಬಳಸುವವರು, ಅದರ ತೌಡು ಹೆಚ್ಚು ನೀರು ಕುಡಿಯುವುದರಿಂದ, ತೂಕ ಸರಿಯಿದ್ದರೂ ಹಾಲನ್ನು ತುಸು ಹೆಚ್ಚಿಸಬೇಕಾಗುತ್ತದೆ. ಒಂದು ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿಯ ಮೇಲೆ ಖಾಲಿ ಪಾತ್ರೆಯಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ಬಳಿಕ ಹಿಟ್ಟು ಸುರಿಯುವ ಅಭ್ಯಾಸವನ್ನು ಓದುಗರು ಮುಂದಿನ ಕೇಕಿನಿಂದಲೇ ಆರಂಭಿಸಲಿ.