ಮೋಟಾರು ಪಂದ್ಯವೂ ಘರ್ಷಣೆಯ ನಿಯಮವೂ

೨೦೨೫ನೆಯ ಇಸವಿ ಮೇ ತಿಂಗಳ ೨೪ನೆಯ ತಾರೀಖು ಶನಿವಾರ, ಮೆಡಿಟರೇನಿಯನ್ ಸಮುದ್ರತೀರದ ಮೊನಾಕೊ ಎಂಬ ಪುಟ್ಟ ಸಂಸ್ಥಾನದ ಬೀದಿಗಳಲ್ಲಿ ನಡೆದ ಫಾರ್ಮುಲಾ ೨ ಪಂದ್ಯದಲ್ಲಿ ಬೆಂಗಳೂರಿನ ಕುಶ್ ಮೈನಿಯವರು ಎಲ್ಲರಿಗಿಂತ ಮೊದಲು ಗುರಿ ಮುಟ್ಟಿದರು. ಆಗ ಅವರಿಗೆ ೨೪ ವರ್ಷ. ಮೊನಾಕೊದಲ್ಲಿ ಈ ದರ್ಜೆಯ ಪಂದ್ಯವನ್ನು ಭಾರತೀಯರೊಬ್ಬರು ಗೆದ್ದದ್ದು ಅದೇ ಮೊದಲು. ಫಾರ್ಮುಲಾ ೨ ಎಂಬುದು ಮೋಟಾರು ಪಂದ್ಯಗಳ ಶಿಖರವಾದ ಫಾರ್ಮುಲಾ ೧ಕ್ಕೆ ಕೆಳಗಿನ ಮೆಟ್ಟಿಲು. ಅಲ್ಲಿ ಎಲ್ಲರಿಗೂ ಒಂದೇ ಮಾದರಿಯ ಗಾಡಿ, ಒಂದೇ ಬಗೆಯ ಯಂತ್ರ. ಆದ್ದರಿಂದ ಗೆಲುವಿನಲ್ಲಿ ಸಾರಥಿಯ ಪಾಲು ಎಷ್ಟೆಂಬುದು ಅಲ್ಲಿ ಹೆಚ್ಚು ಸ್ಪಷ್ಟವಾಗಿ ತೋರುತ್ತದೆ.

ಈ ಗೆಲುವಿಗೆ ಒಂದು ಹಿನ್ನೆಲೆಯುಂಟು. ೨೦೨೪ರ ಋತುವಿನ ಮೊದಲ ಪಂದ್ಯಕ್ಕಾಗಿ ಬಹ್ರೇನಿನಲ್ಲಿ ನಡೆದ ಅರ್ಹತಾ ಪರೀಕ್ಷೆಯಲ್ಲಿ ಮೈನಿಯವರು ಎಲ್ಲರಿಗಿಂತ ವೇಗವಾಗಿ ಓಡಿಸಿದ್ದರು. ಆದರೆ ಗಾಡಿ ತಾಂತ್ರಿಕ ನಿಯಮಕ್ಕೆ ಹೊಂದಲಿಲ್ಲವೆಂದು ಆ ಸ್ಥಾನ ರದ್ದಾಯಿತು. ಅದೇ ವರ್ಷ ಜುಲೈನಲ್ಲಿ ಹಂಗೆರಿಯಲ್ಲಿ ಅವರು ಎರಡನೆಯವರಾಗಿ ಗುರಿ ಮುಟ್ಟಿದರು. ಮೊದಲು ಮುಟ್ಟಿದವನು ಅನರ್ಹನಾದದ್ದರಿಂದ ಗೆಲುವು ಇವರ ಪಾಲಿಗೆ ಬಂದಿತು. ಹೀಗೆ ಒಂದು ಗೌರವ ಪರಿಶೀಲಕರ ಮೇಜಿನ ಮೇಲೆ ಕಳೆದುಹೋಯಿತು, ಇನ್ನೊಂದು ಅದೇ ಮೇಜಿನ ಮೇಲೆ ಸಿಕ್ಕಿತು. ಹಾದಿಯ ಮೇಲೆಯೇ, ಯಾರ ತೀರ್ಪಿಗೂ ಕಾಯದೆ ದೊರೆತ ಗೆಲುವು ಮೊನಾಕೊದ್ದು. ಅದರ ಬೆಲೆ ಏನೆಂಬುದನ್ನು ಅರಿಯಲು ಆ ಹಾದಿಯಲ್ಲಿ ಕೆಲಸ ಮಾಡುವ ಬಲಗಳನ್ನು ನಾವು ಪರಿಚಯ ಮಾಡಿಕೊಳ್ಳಬೇಕು.

ಕನಕಪುರದ ಕಡೆಯಿಂದ ಉಯ್ಯಂಬಳ್ಳಿ ಹೋಬಳಿಯತ್ತ ಹೋಗುವ ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡಿದ ವಿದ್ಯಾರ್ಥಿಗೆ ಇದರ ಮೊದಲ ಪಾಠ ಆಗಲೇ ಆಗಿರುತ್ತದೆ. ಬಸ್ಸು ಬಲಕ್ಕೆ ತಿರುಗಿದಾಗ ನಾವು ಎಡಕ್ಕೆ ವಾಲುತ್ತೇವೆ. ಯಾರೋ ಹೊರಕ್ಕೆ ತಳ್ಳಿದಂತೆ ನಮಗೆ ಭಾಸವಾದರೂ ನಿಜವಾಗಿ ತಳ್ಳುವವರು ಯಾರೂ ಇಲ್ಲ. ನಮ್ಮ ದೇಹ ನೇರವಾಗಿ ಹೋಗಬಯಸುತ್ತದೆ, ಬಸ್ಸು ಒಳಕ್ಕೆ ಹೊರಳುತ್ತದೆ, ಅಷ್ಟೇ. ಬಸ್ಸನ್ನು ಹಾಗೆ ಒಳಕ್ಕೆ ಎಳೆಯುವ ಕೇಂದ್ರಾಭಿಮುಖ ಬಲವನ್ನು ಒದಗಿಸುವುದು ರಸ್ತೆಗೂ ಚಕ್ರದ ರಬ್ಬರಿಗೂ ನಡುವಣ ಘರ್ಷಣೆಯೊಂದೇ. ತಿರುವಿಗೆ ಬೇಕಾದ ವೇಗೋತ್ಕರ್ಷವು ವೇಗದ ವರ್ಗವನ್ನು ತಿರುವಿನ ತ್ರಿಜ್ಯದಿಂದ ಭಾಗಿಸಿದಷ್ಟು. ಘರ್ಷಣೆ ಕೊಡಬಲ್ಲ ಗರಿಷ್ಠ ವೇಗೋತ್ಕರ್ಷವು ಘರ್ಷಣಾಂಕವನ್ನು ಗುರುತ್ವದ ೯.೮ರಿಂದ ಗುಣಿಸಿದಷ್ಟು. ಮೊದಲನೆಯದು ಎರಡನೆಯದನ್ನು ಮೀರಿತೋ, ಗಾಡಿ ಜಾರಿತು. ದ್ರವ್ಯರಾಶಿ ಈ ಲೆಕ್ಕದಲ್ಲಿ ಎಲ್ಲಿಯೂ ಉಳಿಯುವುದಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಮೊನಾಕೊದ ಹಾದಿಯಲ್ಲಿ ಹೋಟೆಲೊಂದರ ಎದುರಿಗೆ ಹೆಣ್ಣುಮಕ್ಕಳ ಕೂದಲ ಪಿನ್ನಿನಂತೆ ಮಡಿಸಿದ ತಿರುವೊಂದಿದೆ. ಫಾರ್ಮುಲಾ ಪಂದ್ಯಗಳ ಹಾದಿಗಳಲ್ಲೆಲ್ಲ ಅತಿ ನಿಧಾನದ ತಿರುವೆಂದು ಅದಕ್ಕೆ ಹೆಸರು. ಅದರ ತ್ರಿಜ್ಯವನ್ನು ೧೨ ಮೀಟರು ಎಂದಿಟ್ಟುಕೊಳ್ಳೋಣ. ಸಾಧಾರಣ ಟೈರಿಗೆ ಡಾಂಬರಿನ ಮೇಲೆ ಘರ್ಷಣಾಂಕ ೦.೭ ಎಂದು ಹಿಡಿದರೆ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು ೯ ಮೀಟರು, ಅಂದರೆ ಗಂಟೆಗೆ ೩೩ ಕಿಲೊಮೀಟರು. ಪಂದ್ಯದ ಮೆದು ಟೈರಿಗೆ ೧.೫ ಎಂದು ಹಿಡಿದರೆ ಅದೇ ತಿರುವಿನಲ್ಲಿ ಗಂಟೆಗೆ ೪೮ ಕಿಲೊಮೀಟರು. ಸುಮಾರು ೬೨೦ ಅಶ್ವಶಕ್ತಿಯ ಯಂತ್ರವಿದ್ದೂ ಅಲ್ಲಿ ನಮ್ಮ ಹಳ್ಳಿಯ ರಸ್ತೆಯ ವೇಗಕ್ಕೆ ಇಳಿಯಲೇಬೇಕು!

ಘರ್ಷಣಾಂಕ ಒಂದನ್ನು ಮೀರುವುದು ಹೇಗೆ ಎಂಬ ಸಂಶಯ ಇಲ್ಲಿ ಹುಟ್ಟಬಹುದು. ಮೀರಬಾರದೆಂಬ ನಿಯಮವೇನೂ ಇಲ್ಲ. ಮರ, ಲೋಹಗಳ ಉದಾಹರಣೆಗಳನ್ನೇ ಓದಿ ಬಂದ ನಮಗೆ ಹಾಗೆ ಅಭ್ಯಾಸವಾಗಿದೆ. ಬಿಸಿಯಾದ ರಬ್ಬರು ಡಾಂಬರಿನ ಸಣ್ಣ ಸಣ್ಣ ಉಬ್ಬುತಗ್ಗುಗಳೊಳಕ್ಕೆ ಇಳಿದು ಕಚ್ಚಿಕೊಳ್ಳುತ್ತದೆ, ಅಣುಗಳ ಮಟ್ಟದಲ್ಲಿ ಅಂಟಿಕೊಳ್ಳಲೂ ಬಲ್ಲದು. ಆದರೆ ಬಿಸಿಯಾಗಿರಬೇಕು ಎಂಬುದೇ ಮುಖ್ಯ. ಫಾರ್ಮುಲಾ ೧ರಲ್ಲಿ ಟೈರುಗಳಿಗೆ ವಿದ್ಯುತ್ ಕಂಬಳಿ ಹೊದಿಸಿ ಕಾಯಿಸಿಡುತ್ತಾರೆ. ಫಾರ್ಮುಲಾ ೨ರಲ್ಲಿ ಆ ಸೌಕರ್ಯವಿಲ್ಲ. ಪಂದ್ಯಕ್ಕೆ ಮುಂಚಿನ ಸುತ್ತಿನಲ್ಲಿ ಗಾಡಿಯನ್ನು ಅತ್ತಿತ್ತ ಹೊರಳಿಸಿ, ಘರ್ಷಣೆಯ ಕಾರ್ಯವನ್ನೇ ಉಷ್ಣವಾಗಿಸಿ ಸಾರಥಿ ತನ್ನ ಟೈರನ್ನು ತಾನೇ ಕಾಯಿಸಿಕೊಳ್ಳಬೇಕು. ತಣ್ಣಗಿನ ಟೈರಿನ ಅಂಕ ೧.೧ಕ್ಕೆ ಇಳಿದಿದ್ದರೆ ಮೇಲಿನ ತಿರುವಿನ ಮಿತಿ ೪೮ ಅಲ್ಲ, ೪೧. ಎಲ್ಲರ ಮುಂದೆ ಹೊರಟವನಿಗೆ ಎಷ್ಟು ಹಿಡಿತವಿದೆಯೆಂದು ಮುಂದಿನ ಗಾಡಿಯನ್ನು ನೋಡಿ ಊಹಿಸುವ ಅನುಕೂಲವೂ ಇಲ್ಲ. ಅಂದು ಮುಂದೆ ಹೊರಟವರು ಮೈನಿಯವರೇ.

ವೇಗದ ತಿರುವುಗಳಲ್ಲಿ ಇನ್ನೊಂದು ಬಲ ನೆರವಿಗೆ ಬರುತ್ತದೆ. ವಿಮಾನದ ರೆಕ್ಕೆಯನ್ನು ತಲೆಕೆಳಗು ಮಾಡಿ ಗಾಡಿಗೆ ಜೋಡಿಸಿದರೆ ಗಾಳಿ ಅದನ್ನು ನೆಲಕ್ಕೆ ಒತ್ತುತ್ತದೆ. ದ್ರವ್ಯರಾಶಿ ಹೆಚ್ಚದೆ ಒತ್ತಡ ಮಾತ್ರ ಹೆಚ್ಚುವುದೇ ಇದರ ಸೊಗಸು. ಗಂಟೆಗೆ ೨೦೦ ಕಿಲೊಮೀಟರಿನಲ್ಲಿ ಈ ಒತ್ತು ಗಾಡಿಯ ತೂಕಕ್ಕೆ ಸಮವೆಂದು ಭಾವಿಸಿದರೆ, ರೆಕ್ಕೆಯಿಲ್ಲದೆ ೨೧೦ ಮೀಟರು ತ್ರಿಜ್ಯ ಬೇಕಾಗುತ್ತಿದ್ದಲ್ಲಿ ೧೦೫ ಮೀಟರು ಸಾಕು. ಆದರೆ ಈ ಒತ್ತು ವೇಗದ ವರ್ಗಕ್ಕೆ ಅನುಗುಣವಾದದ್ದು: ೧೦೦ರಲ್ಲಿ ಕಾಲು ಪಾಲು, ೪೮ರಲ್ಲಿ ತೂಕದ ನೂರಕ್ಕೆ ಆರರಷ್ಟೂ ಇಲ್ಲ. ಮೊನಾಕೊದ ನಿಧಾನದ ತಿರುವುಗಳಲ್ಲಿ ರೆಕ್ಕೆಯಿಂದ ಹೆಚ್ಚು ಸಹಾಯವಿಲ್ಲ. ಅಲ್ಲಿ ರಬ್ಬರು ಮತ್ತು ಕೈ. ಕೈ ಎಂದದ್ದು ಸುಮ್ಮನೆ ಅಲ್ಲ, ಫಾರ್ಮುಲಾ ೨ ಗಾಡಿಯ ಚುಕ್ಕಾಣಿಗೆ ಯಂತ್ರದ ನೆರವಿರುವುದಿಲ್ಲ, ತೋಳಿನ ಬಲದಿಂದಲೇ ತಿರುಗಿಸಬೇಕು. (ಬೆಂಗಳೂರಿನ ಇದೇ ಮೈನಿ ಮನೆತನದಿಂದ ೨೦೦೧ರಲ್ಲಿ ಹೊರಬಂದ ರೇವಾ ಎಂಬ ಪುಟ್ಟ ವಿದ್ಯುತ್ ಕಾರಿನ ನೆನಪು ನಮ್ಮ ಹಿರಿಯ ವಾಚಕರಿಗೆ ಇದ್ದೀತು. ಅದರ ವೇಗ ಬೇರೆ ಬಗೆಯದು!)

ಮೊನಾಕೊದಲ್ಲಿ ಮುಂದಿರುವವನೇ ಗೆಲ್ಲುತ್ತಾನೆ, ಅದರಲ್ಲಿ ಹೆಚ್ಚುಗಾರಿಕೆ ಏನು ಎಂದು ಕೆಲವರು ಕೇಳುತ್ತಾರೆ. ಶನಿವಾರದ ಕಿರುಪಂದ್ಯದಲ್ಲಿ ಅರ್ಹತಾ ಪರೀಕ್ಷೆಯ ಮೊದಲ ಹತ್ತು ಮಂದಿಯನ್ನು ತಿರುವುಮುರುವಾಗಿ ನಿಲ್ಲಿಸುವ ಪದ್ಧತಿಯಿದೆ. ಮೈನಿಯವರಿಗೆ ಮುಂದಿನ ಸ್ಥಾನ ದೊರೆತದ್ದು ಹಾಗೆ. ಮುಂದೆ ಹಾಯುವುದು ಅಲ್ಲಿ ಕಷ್ಟವೆಂಬುದೂ ದಿಟ. ಸೆಕೆಂಡಿಗೆ ೬೦ ಮೀಟರು ವೇಗದ ಗಾಡಿಯನ್ನು ೨೦ಕ್ಕೆ ಇಳಿಸಲು, ಗುರುತ್ವದ ಮೂರರಷ್ಟು ಬಲವಾದ ತಡೆಯಿದ್ದರೆ, ಸುಮಾರು ೫೪ ಮೀಟರು ಸಾಕು. ಹಿಂದಿನವನು ಒಂದು ಗಾಡಿಯ ಉದ್ದದಷ್ಟು, ಅಂದರೆ ೫ ಮೀಟರಿಗೂ ತುಸು ಹೆಚ್ಚು ಗಳಿಸಬೇಕಾದರೆ ಆ ಚಿಕ್ಕ ಅಂತರದೊಳಗೇ ಗಳಿಸಬೇಕು. ಪಕ್ಕದಲ್ಲಿ ಜಾಗವೂ ಇಲ್ಲ.

ಆದರೆ ಇದೇ ಲೆಕ್ಕವನ್ನು ಮುಂದಿನವನ ಕಡೆಯಿಂದ ಮಾಡಿ ನೋಡಬೇಕು. ಬ್ರೇಕು ಒತ್ತುವುದು ಸೆಕೆಂಡಿನ ಇಪ್ಪತ್ತರ ಒಂದು ಭಾಗ ತಡವಾದರೆ ಗಾಡಿ ೩ ಮೀಟರು ಮುಂದೆ ಹೋಗಿರುತ್ತದೆ. ಬೇರೆ ಹಾದಿಗಳಲ್ಲಿ ಆ ೩ ಮೀಟರಿನಾಚೆ ಬಯಲಿರುತ್ತದೆ. ಮೊನಾಕೊದಲ್ಲಿ ಉಕ್ಕಿನ ತಡೆಗೋಡೆ. ೧೯ ತಿರುವುಗಳ ಆ ಹಾದಿಯನ್ನು ೩೦ ಸುತ್ತು ಹಾಕಿದರೆ ೫೭೦ ತಿರುವುಗಳು, ಪ್ರತಿಯೊಂದರಲ್ಲಿಯೂ ಟೈರಿನ ಹಿಡಿತ ಹಿಂದಿನ ಸುತ್ತಿನಲ್ಲಿದ್ದಷ್ಟೇ ಇರುವುದಿಲ್ಲ. ಸವೆದಂತೆ ಘರ್ಷಣಾಂಕ ತಗ್ಗುತ್ತದೆ, ಇಂಧನ ಉರಿದಂತೆ ತೂಕ ಇಳಿಯುತ್ತದೆ, ಮಿತಿಯ ಗೆರೆ ಸುತ್ತು ಸುತ್ತಿಗೂ ಸರಿಯುತ್ತಿರುತ್ತದೆ. ಆ ಗೆರೆಯಿಂದ ತೀರ ಹಿಂದೆ ನಿಂತರೆ ಬೆನ್ನ ಹಿಂದಿನವನು ಬಾಗಿಲು ತಟ್ಟುತ್ತಾನೆ, ದಾಟಿದರೆ ಗೋಡೆ. ಐನೂರ ಎಪ್ಪತ್ತು ಸಲ ಅದನ್ನು ಅಂದಾಜು ಮಾಡಿ ಮೈನಿಯವರು ಮುಂದೆಯೇ ಉಳಿದರು. ಪದಕದ ಕಟ್ಟೆಯ ಬಳಿ ನಮ್ಮ ರಾಷ್ಟ್ರಗೀತೆ ಮೊಳಗಿತು. ಮರುದಿನ ಭಾನುವಾರದ ದೀರ್ಘ ಪಂದ್ಯಕ್ಕೆ ತಿರುವುಮುರುವಿನ ಪದ್ಧತಿಯಿಲ್ಲ. ಅಲ್ಲಿ ಮತ್ತೆ ಅರ್ಹತೆಯ ಕ್ರಮದಲ್ಲಿಯೇ, ಮತ್ತೆ ತಣ್ಣನೆಯ ಟೈರುಗಳ ಮೇಲೆ ಹೊರಡಬೇಕಾಗಿತ್ತು.